‘ರೈಟ್ ಆಫ್’ ಎಂದರೆ ಸಾಲ ಮನ್ನಾ ಅಲ್ಲ



ಒಂದು ಸಂಘದ ಸಭೆಯಲ್ಲಿ ಒಬ್ಬ ಅಕ್ಕ ನಮ್ಮನ್ನು ಕೇಳಿದರು: “ಸಿಸ್ಟರ್, ಬ್ಯಾಂಕಿನವರು ನನ್ನ ಸಾಲ ರೈಟ್ ಆಫ್ ಮಾಡಿದ್ದಾರಂತೆ. ಇನ್ನು ಕಟ್ಟೋದು ಬೇಡ ಅಲ್ವಾ?”

ಕಟ್ಟಬೇಕು. ಯಾಕೆಂದು ತಿಳಿಯೋಣ.

ಇಂಗ್ಲಿಷಿನಲ್ಲಿ ‘ರೈಟ್’ ಎಂದರೆ ಬರೆ. ಅದಕ್ಕೆ ‘ಆಫ್’ ಸೇರಿದರೆ ಅರ್ಥವೇ ಬೇರೆ: ಲೆಕ್ಕದಿಂದ ತೆಗೆ. ಬಹಳ ಕಾಲ ಕಂತು ಬಾರದ ಸಾಲವನ್ನು ಬ್ಯಾಂಕು ತನ್ನ ಪುಸ್ತಕದಲ್ಲಿ ನಷ್ಟವೆಂದು ತೋರಿಸುತ್ತದೆ. ಅದು ಬ್ಯಾಂಕಿನ ಲೆಕ್ಕ. ನಮ್ಮ ಹೊಣೆ ಹಾಗೇ ಇರುತ್ತದೆ, ವಸೂಲಿಗೂ ಬರಬಹುದು.

ಮನ್ನಾ ಮಾಡುವುದಕ್ಕೆ ‘ವೇವ್’ ಎನ್ನುತ್ತಾರೆ. 2008ರಲ್ಲಿ ಕೇಂದ್ರ ಸರ್ಕಾರ ಸಣ್ಣ ರೈತರ ಸಾಲಕ್ಕೆ ಮಾಡಿದ್ದು ಅದು. ಆ ಹಣವನ್ನು ಸರ್ಕಾರವೇ ಬ್ಯಾಂಕುಗಳಿಗೆ ತುಂಬಿಕೊಟ್ಟಿತು.

ಸಾಲದ ವರದಿಯಲ್ಲಿ ‘ರಿಟನ್ ಆಫ್’ ಎಂದು ಬಿದ್ದರೆ ಮುಂದೆ ಮಗಳ ಓದಿಗೋ ಹಸು ಕೊಳ್ಳಲೋ ಸಾಲ ಸಿಗುವುದು ಕಷ್ಟ. ಸಿಬಿಲ್‌ನಂಥ ಸಂಸ್ಥೆಗಳಿಂದ ವರ್ಷಕ್ಕೊಂದು ವರದಿ ಉಚಿತ, ತೆಗೆಸಿ ನೋಡಿ. ಬಾಕಿ ತೀರಿಸಿದ ಮೇಲೆ ‘ಬಾಕಿ ಇಲ್ಲ’ ಎಂಬ ಪತ್ರ ಕೇಳಿ ಪಡೆಯಿರಿ.

ಮನುಷ್ಯರ ಬಗ್ಗೆಯೂ ಈ ಮಾತುಂಟು. ‘ಇವಳಿಂದ ಏನೂ ಆಗದು’ ಎಂದು ಕೈಬಿಡುವುದೂ ರೈಟ್ ಆಫ್. ಕಂತು ತಪ್ಪಿದ ಅಕ್ಕನನ್ನು ಸಂಘ ಹಾಗೆ ಕೈಬಿಡಬಾರದು. ಮನೆಗೆ ಹೋಗಿ ಕಷ್ಟ ಕೇಳೋಣ.

ಸಭೆಯಲ್ಲಿ ಚರ್ಚಿಸಿ:
1. ರೈಟ್ ಆಫ್‌ಗೂ ಮನ್ನಾಕ್ಕೂ ವ್ಯತ್ಯಾಸವೇನು?
2. ನಮ್ಮ ಸಂಘದಲ್ಲಿ ಕಂತು ಕಟ್ಟಲಾಗದೆ ಕಷ್ಟದಲ್ಲಿರುವವರು ಯಾರು? ನಾವೇನು ಮಾಡಬಹುದು?