ಸರ್ ಇದ್ದಾಗಷ್ಟೇ ಸಲಿಕೆ ಹಿಡಿಯುತ್ತಾರೆ!

ಪ್ರಶ್ನೆ: ಕಾಲೇಜೊಂದರ ಎನ್‌ಎಸ್‌ಎಸ್ ಅಧಿಕಾರಿ ನಾನು. ಶಿಬಿರದಲ್ಲಿ ಎದುರಿಗೆ ನಿಂತರೆ ಶ್ರಮದಾನ ಚೆನ್ನಾಗಿ ಸಾಗುತ್ತದೆ. ಪಂಚಾಯಿತಿ ಕಚೇರಿಗೆ ಹೋಗಿ ಬರುವಷ್ಟರಲ್ಲಿ ಎಲ್ಲರೂ ನೆರಳಿಗೆ ಕೂತಿರುತ್ತಾರೆ. ಇನ್ನಷ್ಟು ಬಿಗಿ ಮಾಡಲೇ?
– ಉಪನ್ಯಾಸಕರು, ಚನ್ನಗಿರಿ

ಉತ್ತರ: ಬೇಡ ಸರ್. ಕರ್ಟ್ ಲೆವಿನ್, ರೊನಾಲ್ಡ್ ಲಿಪ್ಪಿಟ್, ರಾಲ್ಫ್ ವೈಟ್ 1939ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು. ಅಮೆರಿಕದ ಬಾಲಕರ ಸಂಘಗಳಲ್ಲಿ, ಎಲ್ಲವನ್ನೂ ತಾನೇ ತೀರ್ಮಾನಿಸುವ ಮುಂದಾಳು ಹೊರಗೆ ಹೋದೊಡನೆ ಕೆಲಸ ಕುಸಿಯಿತು. ಹುಡುಗರೊಂದಿಗೆ ಚರ್ಚಿಸಿ ನಡೆಸಿದ ಗುಂಪಿನಲ್ಲಿ ಹೆಚ್ಚುಕಡಿಮೆ ಹಾಗೇ ಮುಂದುವರಿಯಿತು. ಎನ್‌ಎಸ್‌ಎಸ್‌ನ ಎರಡು ವರ್ಷದ 240 ಗಂಟೆ ಸೇವೆ ಭರ್ತಿಯಾದರೆ ಸಾಕೆಂದು ಬಂದವರೂ ನಿಮ್ಮಲ್ಲಿರಬಹುದು. ಅವರನ್ನಂತೂ ಕಾವಲು ಕಾದು ದುಡಿಸಲಾಗದು.

ಶಿಬಿರ ಸೂಳೆಕೆರೆ ಬಳಿಯ ಊರಲ್ಲಿದೆ ಅಂದುಕೊಳ್ಳಿ. ಹಿಂದಿನ ಸಂಜೆಯೇ ಮಕ್ಕಳನ್ನು ಏರಿಯ ಮೇಲೆ ನಡೆಸಿಕೊಂಡು ಹೋಗಿ. ಪ್ಲಾಸ್ಟಿಕ್ ಆಯುವುದು ಎಲ್ಲಿಂದ ಶುರು, ಆಯ್ದದ್ದು ಎಲ್ಲಿಗೆ ಹೋಗಬೇಕು, ಪಂಚಾಯಿತಿಯವರ ಹತ್ತಿರ ಯಾರು ಮಾತಾಡಬೇಕು ಎಂಬುದನ್ನೆಲ್ಲ ಮಕ್ಕಳೇ ಗೊತ್ತುಮಾಡಲಿ. ಸಾಧ್ಯವಾದರೆ ಮರುದಿನ ಪಂಚಾಯಿತಿಗೆ ನೀವು ಹೋಗಲೇಬೇಡಿ, ಅವರಲ್ಲಿಬ್ಬರನ್ನು ಕಳಿಸಿ. ನೀರಿಗಿಳಿಯಬಾರದು ಎಂಬಂಥ ಮಾತು ಮಾತ್ರ ನಿಮ್ಮದೇ ಇರಲಿ, ಅದರಲ್ಲಿ ಚರ್ಚೆಯಿಲ್ಲ.

ಪ್ರಶ್ನೆ: ನಮ್ಮ ಮುಖಂಡರು "ನಿಮಗೇ ಬಿಟ್ಟಿದ್ದು" ಎಂದು ಹೊರಟುಬಿಡುತ್ತಾರೆ. ಇದೇ ಸ್ವಾತಂತ್ರ್ಯವೇ?
– ಯುವಕ ಸಂಘದ ಸದಸ್ಯ, ನ್ಯಾಮತಿ

ಉತ್ತರ: ಅಲ್ಲ. ಮೇಲೆ ಹೇಳಿದ ಬಾಲಕರ ಸಂಘಗಳ ಅಧ್ಯಯನದಲ್ಲಿ ಹೇಳೋರು ಕೇಳೋರಿಲ್ಲದ ಗುಂಪಿನ ಕೆಲಸವೂ ಸೊರಗಿತ್ತು. ಪಕ್ಕದ ಹೊನ್ನಾಳಿಯಲ್ಲಿ ತುಂಗಭದ್ರೆ ಉಕ್ಕಿದಾಗ ನೆರವಿಗೆ ಓಡುವ ಹುಡುಗರಿಗೆ ಯಾರ ಮಾತು ಕೇಳಬೇಕೆಂದು ಮೊದಲೇ ಗೊತ್ತಿರಬೇಕು. ಮಳೆಗಾಲಕ್ಕೆ ಮುಂಚೆ ನಿಮ್ಮ ಮುಖಂಡರನ್ನು ಕೂರಿಸಿ ಹೊಣೆ ಹಂಚಿಸಿಕೊಳ್ಳಿ.

ಪ್ರಶ್ನೆ: ಮನೆಮನೆ ಸಮೀಕ್ಷೆಯಲ್ಲಿ ತಪ್ಪು ಬರೆದೆನೆಂದು ನಮ್ಮ ಮುಖಂಡರು ಎಲ್ಲರೆದುರು ಗದರಿದರು. ಈಗ ಯಾರ ಬಾಗಿಲಿಗೂ ಹೋಗಲು ಧೈರ್ಯ ಬರುತ್ತಿಲ್ಲ. ಈ ಕೆಲಸ ನನ್ನಿಂದಾಗದೇ?
– ಸ್ವಯಂಸೇವಕಿ, ಜಗಳೂರು

ಉತ್ತರ: ಖಂಡಿತ ಆಗುತ್ತದಮ್ಮ. ತಪ್ಪಿದ್ದದ್ದು ಒಂದು ನಮೂನೆಯಲ್ಲಿ. ಗದರಿದ ರೀತಿ ಸರಿಯಿರಲಿಲ್ಲ. ಪಕ್ಕಕ್ಕೆ ಕರೆದು ತಿದ್ದಬಹುದಿತ್ತು. ಆತ್ಮವಿಶ್ವಾಸದ ಬಗ್ಗೆ 1977ರಲ್ಲಿ ಬರೆದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಅದಕ್ಕೆ ನಾಲ್ಕು ಮೂಲ ಹೇಳುತ್ತಾರೆ. ಅವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಗೆದ್ದ ಅನುಭವ; ಹೊಗಳಿಕೆಗೆ ಅಷ್ಟು ಕಸುವಿಲ್ಲ. ಪರಿಚಯದ ಎರಡೇ ಮನೆಗಳಿಂದ ಮತ್ತೆ ಶುರುಮಾಡಿ. ಅನುಭವವಿರುವ ಗೆಳತಿ ಜೊತೆಗಿರಲಿ, ಪ್ರಶ್ನೆ ಮಾತ್ರ ನೀವೇ ಕೇಳಿ. ಸಂಜೆ ಅದೇ ಮುಖಂಡರಿಗೆ ನಮೂನೆ ತೋರಿಸಿ, ಸಂಶಯವಿದ್ದ ಸಾಲನ್ನು ಕೇಳಿ ತಿಳಿದುಕೊಳ್ಳಿ.