ಅತಿವಾಹಕ ಕಾಂತಗಳಿಗೆ ಕಾವಲು

ಹೊಳೆನರಸೀಪುರದ ಬಯಲಿನಲ್ಲಾಗಲಿ ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಾಗಲಿ, ಸಂಜೆಗತ್ತಲಲ್ಲಿ ಪಂಪುಸೆಟ್ಟನ್ನು ನಿಲ್ಲಿಸುವಾಗ ಸ್ವಿಚ್ಚಿನೊಳಗೆ ನೀಲಿ ಕಿಡಿಯೊಂದು ಹಾರುವುದನ್ನು ವಾಚಕರು ಕಂಡಿರಬಹುದು. ಮೋಟಾರಿನ ಸುರುಳಿಗಳಲ್ಲಿ ಹರಿಯುತ್ತಿದ್ದ ಪ್ರವಾಹವು ಥಟ್ಟನೆ ನಿಲ್ಲಲು ಒಪ್ಪುವುದಿಲ್ಲ. ಅದು ನಿರ್ಮಿಸಿದ ಕಾಂತಕ್ಷೇತ್ರದಲ್ಲಿ ಶಕ್ತಿ ಅಡಗಿದೆ. ಬೇರೆ ದಾರಿ ಕಾಣದಾಗ ಅದು ಗಾಳಿಯನ್ನೇ ಸೀಳಿಕೊಂಡು ಹೋಗುತ್ತದೆ. ಸುರುಳಿಯ ಪ್ರೇರಣಾಂಕವನ್ನು ಪ್ರವಾಹದ ವರ್ಗದಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಈ ಶಕ್ತಿಯ ಮೊತ್ತ ದೊರೆಯುತ್ತದೆ.

ಇದೇ ಲೆಕ್ಕವನ್ನು ಅತಿವಾಹಕ ಕಾಂತಗಳಿಗೆ ಅನ್ವಯಿಸೋಣ. ಆಸ್ಪತ್ರೆಗಳ ದೊಡ್ಡ ಎಂ.ಆರ್.ಐ. ಯಂತ್ರಗಳಲ್ಲಿರುವುದೂ ಇಂಥ ಕಾಂತವೇ: ದ್ರವ ಹೀಲಿಯಮಿನಿಂದ ತಣಿಸಿದ ನಿಯೋಬಿಯಂ-ಟೈಟೇನಿಯಂ ತಂತಿಯಲ್ಲಿ ವಿದ್ಯುತ್ತಿಗೆ ರೋಧವೇ ಇಲ್ಲ. ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಕಣವೇಗವರ್ಧಕದಲ್ಲಿ ಪ್ರೋಟಾನುಗಳನ್ನು ಬಾಗಿಸುವ ಒಂದೊಂದು ಕಾಂತದ ಪ್ರೇರಣಾಂಕ ಸುಮಾರು 0.1 ಹೆನ್ರಿ, ವಿನ್ಯಾಸದ ಪೂರ್ಣ ಪ್ರವಾಹ 11,850 ಆಂಪೇರು. ಶಕ್ತಿಯು 70 ಲಕ್ಷ ಜೂಲುಗಳಾಯಿತು. ಬಚ್ಚಲ ಹಂಡೆಯ 20 ಲೀಟರು ನೀರನ್ನು ಕುದಿಸಲು ಇಷ್ಟು ಸಾಕು, ಅಷ್ಟೇ ಎನ್ನಬೇಡಿ. ತಂತಿಯ ಒಂದು ಅಂಗುಲದಷ್ಟು ಭಾಗ ಬೆಚ್ಚಗಾಗಿ ಅತಿವಾಹಕತ್ವವನ್ನು ಕಳೆದುಕೊಂಡರೆ, ಹಂಡೆಗೆ ಹಂಚಿಹೋಗಬೇಕಾದ ಶಾಖವೆಲ್ಲ ಆ ಅಂಗುಲದ ಮೇಲೆಯೇ ಬೀಳುತ್ತದೆ. ತಂತಿ ಕ್ಷಣಾರ್ಧದಲ್ಲಿ ಕರಗುತ್ತದೆ. ಈ ಸ್ಥಿತ್ಯಂತರಕ್ಕೆ ಕ್ವೆಂಚ್ ಎಂದು ಹೆಸರು.

ಉಪಾಯವೇನು? ಗೊರೂರಿನ ಹೇಮಾವತಿ ಜಲಾಶಯ ತುಂಬಿದಾಗ ನೀರನ್ನು ಒಂದು ಬಿರುಕಿನಿಂದ ಬಿಡುವುದಿಲ್ಲ. ಕ್ರೆಸ್ಟ್ ಗೇಟುಗಳನ್ನು ತೆರೆದು ಅಗಲವಾಗಿ ಹರಿಸುತ್ತಾರೆ. ಇಲ್ಲಿಯೂ ಹಾಗೆಯೇ. ಸುರುಳಿಯಲ್ಲಿ 0.1 ವೋಲ್ಟಿನಷ್ಟು ಅಸಹಜ ವಿಭವ ಕಂಡೊಡನೆ, ಅದಕ್ಕೆ ಅಂಟಿಸಿದ ಶಾಖಪಟ್ಟಿಗಳು ಬೇಕೆಂದೇ ಸುರುಳಿಯನ್ನು ವಿಸ್ತಾರವಾಗಿ ಬೆಚ್ಚಗಾಗಿಸುತ್ತವೆ. ರೋಗವನ್ನು ಮೈಯೆಲ್ಲ ಹರಡಿ ರೋಗಿಯನ್ನು ಉಳಿಸುವ ಈ ವಿಚಿತ್ರ ವೈದ್ಯ ನನಗಂತೂ ಬಹಳ ಮೆಚ್ಚುಗೆ. ಸರಣಿಯಲ್ಲಿರುವ ಉಳಿದ ಕಾಂತಗಳ ಪ್ರವಾಹವು ಪಕ್ಕದ ಡಯೋಡಿನ ಮೂಲಕ ಬಳಸಿ ಹೋಗುತ್ತದೆ. ಅವುಗಳ ಶಕ್ತಿಯನ್ನು ಹೊರಗಿನ ದೊಡ್ಡ ರೋಧಕಗಳು ನುಂಗುತ್ತವೆ.

ಆದರೆ ಕಾವಲುಗಾರನಿಗೆ ಸದ್ದು ಕೇಳಿಸಬೇಕಲ್ಲ! 2008ರ ಸೆಪ್ಟೆಂಬರ್ 19ರಂದು ಕೇಳಿಸಲಿಲ್ಲ. ದೋಷವಿದ್ದದ್ದು ಸುರುಳಿಯಲ್ಲಲ್ಲ, ಎರಡು ಕಾಂತಗಳ ನಡುವಣ ಬೆಸುಗೆಯಲ್ಲಿ. ಅದರ ರೋಧ ಓಮಿನ ಐವತ್ತು ಲಕ್ಷದಲ್ಲೊಂದು ಭಾಗದಷ್ಟಿತ್ತೆಂದು ಅಂದಾಜು. ಅಂದಿನ ಪ್ರವಾಹ 8,700 ಆಂಪೇರು. ವಿದ್ಯಾರ್ಥಿಗಳು ಗುಣಿಸಿ ನೋಡಲಿ: ಶಾಖ ಕೇವಲ 15 ವಾಟ್, ಸಣ್ಣ ದೀಪದಷ್ಟು, ವಿಭವ 1.7 ಮಿಲಿವೋಲ್ಟ್. ಈ ಜೋಡಣೆಗಳ ಎಚ್ಚರಿಕೆಯ ಮಿತಿಯನ್ನು 1 ವೋಲ್ಟಿಗೆ ಇಟ್ಟಿದ್ದರು. ಮಿತಿ ಮುಟ್ಟುವ ವೇಳೆಗೆ ಕಾಲ ಮಿಂಚಿತ್ತು. ಬೆಸುಗೆ ಬೇರ್ಪಟ್ಟು, ಪಂಪುಸೆಟ್ಟಿನ ಆ ಕಿಡಿಯೇ ಭೀಕರ ಚಾಪವಾಗಿ ಹೀಲಿಯಂ ಪಾತ್ರೆಯನ್ನು ತೂತುಮಾಡಿತು. ಸುಮಾರು 6 ಟನ್ ಹೀಲಿಯಂ ಹೊರಚಿಮ್ಮಿತು. ಅದರ ಒತ್ತಡಕ್ಕೆ ಭಾರಿ ಕಾಂತಗಳು ನೆಲೆ ಬಿಟ್ಟು ಸರಿದವು. 53 ಕಾಂತಗಳನ್ನು ಮೇಲಕ್ಕೆ ತರಬೇಕಾಯಿತು.

ಯಂತ್ರವು 2009ರ ನವೆಂಬರಿನಲ್ಲಿ ಮತ್ತೆ ನಡೆಯಿತು. ಆಗ ಬೆಸುಗೆಗಳ ಮೇಲಣ ಎಚ್ಚರಿಕೆಯ ಮಿತಿ 0.3 ಮಿಲಿವೋಲ್ಟ್. 2013ರಿಂದಾಚೆಗೆ ಯಂತ್ರವನ್ನು ದೀರ್ಘಕಾಲ ನಿಲ್ಲಿಸಿ 10,000ಕ್ಕೂ ಹೆಚ್ಚು ಬೆಸುಗೆಗಳನ್ನು ಬಲಪಡಿಸಿದರು. ಅತಿವಾಹಕ ಕೈಕೊಟ್ಟರೂ ಪ್ರವಾಹ ಹಾಯಲೆಂದು ಅವುಗಳಿಗೆ ತಾಮ್ರದ ಹೆಚ್ಚುವರಿ ಪಟ್ಟಿಗಳನ್ನು ಬೆಸೆದರು.