ಬಾವು ಏಕೆ ಬರುತ್ತದೆ?

ಕಳೆದ ಕಬ್ಬಿನ ಹಂಗಾಮಿನಲ್ಲಿ ನಮ್ಮ ಮನೆಯಲ್ಲಿ ಇಬ್ಬರಿಗೆ ಗಾಯವಾಯಿತು. ಹೊಲದಲ್ಲಿ ರವದಿ ಎಳೆಯುವಾಗ ನನ್ನ ತೋರುಬೆರಳು ಕೊಯ್ದಿತು. ಮರುದಿನ ಬೆರಳು ಕೆಂಪಾಗಿ ಬಾತುಕೊಂಡಿತು. ಲೆಕ್ಕಶಾಸ್ತ್ರದ ತರಗತಿಯಲ್ಲಿ ಪೆನ್ನು ಹಿಡಿಯಲೂ ಆಗಲಿಲ್ಲ. ಅದೇ ವಾರ ನಮ್ಮ ದಾದಿಯ ಕಾಲ್ಬೆರಳಿನ ಸಂದಿಯಲ್ಲಿ ಒಂದು ಗಾಯ ಕಂಡಿತು. ಅವರಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಕೇಳಿದರೆ "ದುಖ್ತಾ ನೈ ಬೇಟಾ" ಎಂದರು. ನೋವಿಲ್ಲ ಎಂದ ಮೇಲೆ ನಾವೂ ಸುಮ್ಮನಾದೆವು.

ನನ್ನ ಬೆರಳು ಐದು ದಿನಕ್ಕೆ ವಾಸಿಯಾಯಿತು. ದಾದಿಯ ಗಾಯ ಹದಿನೈದು ದಿನವಾದರೂ ಒಣಗದೆ ಕೀವು ತುಂಬಿತು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ವೈದ್ಯರು, "ಇನ್ನೂ ತಡ ಮಾಡಿದ್ದರೆ ಬೆರಳು ತೆಗೆಯಬೇಕಾಗುತ್ತಿತ್ತು" ಎಂದರು. ನೋವಿದ್ದ ಗಾಯ ಬೇಗ ಮಾಯಿತು, ನೋವಿಲ್ಲದ ಗಾಯ ಏಕೆ ಬೆಳೆಯಿತು? ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಆದರೂ ವಿಜ್ಞಾನದ ಗೆಳೆಯರ ಪುಸ್ತಕ ಓದಿ, ಜೀವಶಾಸ್ತ್ರದ ಉಪನ್ಯಾಸಕರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಐದು ಲಕ್ಷಣಗಳು

ನಾವು ಬಾವು ಎನ್ನುವುದನ್ನು ಮನೆಯಲ್ಲಿ ಉರ್ದುವಿನಲ್ಲಿ ಸೂಜನ್ ಎನ್ನುತ್ತೇವೆ. ಬಾವು ಒಂದು ಲಕ್ಷಣ ಮಾತ್ರ. ಅದರ ಹಿಂದಿನ ಇಡೀ ಕ್ರಿಯೆಗೆ ಪುಸ್ತಕದಲ್ಲಿ ಉರಿಯೂತ ಎಂಬ ಹೆಸರಿದೆ. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಎಂಬ ಲೇಖಕ ಇದರ ನಾಲ್ಕು ಲಕ್ಷಣ ಬರೆದಿಟ್ಟ: ಕೆಂಪು, ಬಿಸಿ, ಬಾವು, ನೋವು. ಆ ಭಾಗ ಕೆಲಸ ಮಾಡದಿರುವುದು ಐದನೆಯದಾಗಿ ನಂತರ ಸೇರಿತು. ನನ್ನ ಬೆರಳಿನಲ್ಲಿ ಐದೂ ಇದ್ದವು.

ಒಳಗೆ ಏನು ನಡೆಯುತ್ತದೆ?

ಚರ್ಮ ಹರಿದು ರೋಗಾಣು ಒಳಗೆ ಬಂದ ಕೂಡಲೇ ಅಲ್ಲಿನ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಬಿಡುತ್ತವೆ. ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತ ಹೆಚ್ಚು ಹರಿಯುತ್ತದೆ. ಕೆಂಪು ಮತ್ತು ಬಿಸಿ ಇದರಿಂದಲೇ. ನಾಳದ ಗೋಡೆಯಿಂದ ದ್ರವ ಸೋರಿ ಬಾವು ಬರುತ್ತದೆ. ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುಗಳು ನರಗಳನ್ನು ಸೂಕ್ಷ್ಮಗೊಳಿಸುವುದರಿಂದ ನೋವು ಹೆಚ್ಚುತ್ತದೆ. ಅದೇ ದಾರಿಯಲ್ಲಿ ಬಿಳಿ ರಕ್ತಕಣಗಳು ಬಂದು ರೋಗಾಣುಗಳನ್ನು ನುಂಗುತ್ತವೆ. ಸತ್ತ ಕಣಗಳೂ ರೋಗಾಣುಗಳೂ ಸೇರಿದ್ದೇ ಕೀವು.

ಇದನ್ನು ಮೊದಲು ಕಣ್ಣಾರೆ ಕಂಡವರಲ್ಲಿ ಇಲ್ಯಾ ಮೆಚ್ನಿಕಾಫ್ ಮುಖ್ಯರು. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಅವರು ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಮರುದಿನ ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಜೀವಕೋಶಗಳು ಮುತ್ತಿಕೊಂಡಿದ್ದವು. ಈ ದಾರಿಯ ಸಂಶೋಧನೆಗೆ 1908ರಲ್ಲಿ ನೊಬೆಲ್ ಬಂತು.

ಮುಗಿಯದ ಉರಿಯೂತ

ಕೆಲಸ ಮುಗಿದ ಮೇಲೆ ಉರಿಯೂತ ತಣ್ಣಗಾಗಬೇಕು, ಹೊಸ ಚರ್ಮ ಬೆಳೆಯಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ತೆರೆದ ಖಾತೆಯನ್ನು ಮುಚ್ಚಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ ಇದು ಕಷ್ಟ. ಪಾದಕ್ಕೆ ರಕ್ತ ಕಡಿಮೆ ಹೋಗುತ್ತದೆ, ಬಿಳಿ ಕಣಗಳು ಸರಿಯಾಗಿ ಹೋರಾಡುವುದಿಲ್ಲ. ಗಾಯ ಉರಿಯೂತದ ಹಂತದಲ್ಲೇ ನಿಂತುಬಿಡುತ್ತದೆ. ನರಗಳೂ ಕೆಟ್ಟಿರುವುದರಿಂದ ನೋವು ತಿಳಿಯುವುದಿಲ್ಲ. ದಾದಿಗೆ ನೋವಿರಲಿಲ್ಲ ಎಂದರೆ ಗಾಯ ಸಣ್ಣದೆಂದಲ್ಲ, ಸುದ್ದಿ ಮುಟ್ಟಿಸುವ ನರ ಸುಮ್ಮನಾಗಿತ್ತು.

ವರ್ಷಗಟ್ಟಲೆ ಆರದ ಉರಿಯೂತ ಬೇರೆ ಅಂಗಗಳಿಗೂ ಹಾನಿ ಮಾಡುತ್ತದೆ. ಬೀಡಿ, ಸಿಗರೇಟಿನ ಹೊಗೆ ಶ್ವಾಸಕೋಶದಲ್ಲಿ ಮಾಡುವುದು ಇದನ್ನೇ. ಹೃದಯದ ರಕ್ತನಾಳ ಕಟ್ಟಿಕೊಳ್ಳುವುದರಲ್ಲೂ ಇದರ ಪಾಲಿದೆ.

ನಾವು ಮಾಡಬೇಕಾದದ್ದು

ನೋವಿನ ಮಾತ್ರೆ ಪ್ರೊಸ್ಟಗ್ಲಾಂಡಿನ್ ತಡೆಯುತ್ತದೆ, ರೋಗಾಣು ಕೊಲ್ಲುವುದಿಲ್ಲ. ವೈದ್ಯರನ್ನು ಕೇಳದೆ ದಿನವೂ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡ ಕೆಡಬಹುದು. ಗಾಯವನ್ನು ಶುದ್ಧ ನೀರಿನಿಂದ ತೊಳೆಯಿರಿ. ಕೆಂಪು ಹರಡಿದರೆ, ಜ್ವರ ಬಂದರೆ ತಡ ಮಾಡಬೇಡಿ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದು. ಅವರ ಪಾದದ ಗಾಯ ಎಷ್ಟೇ ಸಣ್ಣದಿರಲಿ, ವೈದ್ಯರಿಗೆ ತೋರಿಸಬೇಕು.

ದಾದಿಯ ಬೆರಳು ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಅವರು ದಿನಕ್ಕೆ ಐದು ಸಲ ವುಜೂ ಮಾಡಿ ಕಾಲು ತೊಳೆಯುತ್ತಿದ್ದರು. ಆದರೆ ಕಣ್ಣು ಮಂಜಾಗಿರುವುದರಿಂದ ಗಾಯ ಬೆಳೆಯುವುದು ಅವರಿಗೆ ಕಾಣಲಿಲ್ಲ, ನಾವು ನೋಡಲಿಲ್ಲ. ಈಗ ಇಶಾ ನಮಾಜಿನ ವುಜೂಗೆ ನಾನೇ ನೀರು ಹಾಕುತ್ತೇನೆ. ಬೆರಳ ಸಂದಿಗಳನ್ನು ನೋಡಿ, ಒಣಬಟ್ಟೆಯಿಂದ ಒರೆಸುತ್ತೇನೆ. ಎರಡು ನಿಮಿಷದ ಕೆಲಸ. ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಇಂದು ಸಂಜೆಯೇ ಅವರ ಪಾದ ನೋಡಿ.